ಮೊದಲ ಬೆಂಚು, ಕೊನೆಯ ಬೆಂಚು

"ಗುರುಗಳೇ, ಜಗಳವಾಗದ ಹಾಗೆ ನೋಡಿಕೊಂಡವನನ್ನು ಶಾಂತಿ ತರುವವನು ಎನ್ನಬಹುದಲ್ಲವೇ?"

ಕೇಳಿದವನು ಇನ್ನಾಸಪ್ಪ. ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದವನು. ಊಟದ ಮನೆಯ ಉಸ್ತುವಾರಿ ಅವನದು. ಅವನ ಜೊತೆಗಾರರಾದ ಚೌರಪ್ಪ ಮತ್ತು ಬಾಲಯೇಸು ಮೂರು ತಿಂಗಳಿಂದ ಮಾತು ಬಿಟ್ಟಿದ್ದರು. ಇನ್ನಾಸಪ್ಪ ಒಬ್ಬನನ್ನು ಮೊದಲ ಪಂಕ್ತಿಗೂ ಇನ್ನೊಬ್ಬನನ್ನು ಎರಡನೆಯ ಪಂಕ್ತಿಗೂ ಹಾಕಿದ್ದ. ಅಂದಿನಿಂದ ಒಂದು ತಟ್ಟೆಯೂ ಸದ್ದು ಮಾಡಿರಲಿಲ್ಲ. ಆದರೂ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಚೌರಪ್ಪನನ್ನು ದೂರದ ಊರಿನ ಚರ್ಚಿಗೆ ಹಾಕಿದ್ದಾರೆ. ಇವತ್ತೇ ಬಸ್ಸಿಗೆ ಹೊರಡುತ್ತಾನೆ, ಮತ್ತೆ ಈ ಕಡೆ ಬರುವ ಹಾಗಿಲ್ಲ. ಇನ್ನು ಆ ತಾಪತ್ರಯವೂ ತಪ್ಪಿತು" ಎಂದ.

ಗುರುಗಳು ಕೂರಲು ಹೇಳಿದರು. ಅವನು ಕೂತು, ಮತ್ತೆ ಎದ್ದ. ಗುರುಗಳು ಕತೆ ಶುರುಮಾಡಿದರು.

ಒಂದು ಊರಿನ ಚರ್ಚಿನಲ್ಲಿ ಒಬ್ಬ ಉಪದೇಶಿಯಿದ್ದ. ಜಪ ಹೇಳಿಸುವುದು, ಜನರನ್ನು ಬೆಂಚಿನಲ್ಲಿ ಕೂರಿಸುವುದು ಅವನ ಕೆಲಸ. ಆ ಊರಿನ ಅಣ್ಣತಮ್ಮಂದಿರಿಬ್ಬರು ತಂದೆ ತೀರಿಕೊಂಡ ದಿನ ಶವದ ಪೆಟ್ಟಿಗೆಗೆ ಮುಂದೆ ಹೆಗಲು ಕೊಡುವವರು ಯಾರೆಂದು ಜಗಳವಾಡಿ, ತಂದೆಯನ್ನು ಒಂದು ಗಂಟೆ ಬಿಸಿಲಿನಲ್ಲಿ ಕಾಯಿಸಿದ್ದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚರ್ಚಿನ ಪೂಜೆಯ ನಡುವೆ ಪಕ್ಕದವರ ಕೈಹಿಡಿದು ಶಾಂತಿ ಹಾರೈಸುವ ಘಳಿಗೆಯೊಂದಿದೆ. ಉಪದೇಶಿಗೆ ಅದೇ ಭಯ. ಅಣ್ಣನನ್ನು ಮೊದಲ ಬೆಂಚಿನಲ್ಲಿ ಕೂರಿಸಿದ. ತಮ್ಮನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ. ಹನ್ನೊಂದು ವರ್ಷ ಆ ಚರ್ಚಿನಲ್ಲಿ ಶಾಂತಿ ಸಾಂಗವಾಗಿ ನಡೆಯಿತು. ಊರವರು ಅವನಿಗೊಂದು ಶಾಲನ್ನೂ ಹೊದಿಸಿದರು.

ಒಂದು ಭಾನುವಾರ ಅಣ್ಣ ಬಾಗಿಲ ಬಳಿಯೇ ನಿಂತ.

"ಉಪದೇಶಿಗಳೇ, ಇವತ್ತು ನಾನು ಹಿಂದೆ ಕೂತ್ಕೋತೀನಿ, ತಮ್ಮನ ಪಕ್ಕ."

"ಯಾಕಪ್ಪಾ ಸುಮ್ಮನೆ? ಎಲ್ಲಾ ಚೆನ್ನಾಗಿ ನಡೀತಾ ಇದೆಯಲ್ಲ. ಮುಂದೆ ಹೋಗು, ನಿನ್ನ ಜಾಗ ಖಾಲಿ ಇದೆ."

ಅಣ್ಣ ಒಂದು ಸಲ ಹಿಂದಿನ ಬೆಂಚನ್ನು ನೋಡಿದ. ಮುಂದೆ ಹೋಗಿ ಕೂತ. ಮುಂದಿನ ಭಾನುವಾರ ಅವನನ್ನು ಪೆಟ್ಟಿಗೆಯಲ್ಲಿ ತಂದರು.

ತಮ್ಮನೂ ಬಂದ. ಅವನು ಬಾಗಿಲಲ್ಲೇ ನಿಂತು ಕೇಳಿದ.

"ಉಪದೇಶಿಗಳೇ, ನಾನು ಎಲ್ಲಿ ಕೂತ್ಕೊಳ್ಳಲಿ?"

"ಮೊದಲ ಬೆಂಚಿನಲ್ಲೇ ಕೂತ್ಕೊಳ್ಳಪ್ಪಾ. ಇವತ್ತೇನೂ ತೊಂದರೆಯಿಲ್ಲ."

ಪೂಜೆ ನಡೆಯಿತು. ಶಾಂತಿ ಹಾರೈಸುವ ಘಳಿಗೆ ಬಂತು. ಪಕ್ಕದವರು ಕೈಚಾಚಿದರು. ತಮ್ಮ ಅವರನ್ನು ನೋಡಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತ. ಪಾದ್ರಿ ಕಾದರು. ಜನ ಕಾದರು. ಅವನು ಕೈ ತೆಗೆಯಲಿಲ್ಲ. ಹನ್ನೊಂದು ವರ್ಷ ಯಾರು ಎಲ್ಲಿರಬೇಕೆಂದು ತಿಳಿದಿದ್ದ ಉಪದೇಶಿಗೆ ಅಂದು ತಾನು ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಕೊನೆಗೆ ಪೆಟ್ಟಿಗೆ ಎತ್ತಿದರು. ತಮ್ಮನೇ ಮುಂದೆ ಹೆಗಲು ಕೊಟ್ಟ. ಈ ಸಲ ಯಾರ ತಕರಾರೂ ಇರಲಿಲ್ಲ.

ಗುರುಗಳು ಕತೆ ಮುಗಿಸಿದರು. ಇನ್ನಾಸಪ್ಪ ಕಿಟಕಿಯ ತನಕ ಹೋಗಿ ಬಂದ.

"ಹಿಂದಿನ ವಾರ ಅಣ್ಣ ಕೇಳಿದ್ದನ್ನು ಉಪದೇಶಿ ತಮ್ಮನಿಗೆ ಹೇಳಿದನೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿ ಕೇಳಿದರು.

"ಚೌರಪ್ಪನ ಬಸ್ಸು ಎಷ್ಟು ಗಂಟೆಗೆ?"