ಬೆನ್ನು ತಿರುಗಿಸಿ ಕೂತ ಆನೆ

ಕಾಡಿನಲ್ಲಿ ಇರಿತಗಳು ಹೆಚ್ಚಾದಾಗ ಆನೆ ಒಂದು ಗುಂಡಿ ತೋಡಿಸಿ, ಅದರಲ್ಲಿ ಬೆಂಕಿ ಹಾಕಿಸಿ, ಡಂಗುರ ಸಾರಿಸಿತು: "ಮುಳ್ಳಾಗಲಿ, ಕೋಡಾಗಲಿ, ಇರಿಯುವಂಥದ್ದೇನಿದ್ದರೂ ತಂದು ಗುಂಡಿಯ ಪಕ್ಕ ಹಾಕಿ. ನಾನು ಬೆನ್ನು ತಿರುಗಿಸಿ ಕೂತಿರುತ್ತೇನೆ. ಯಾರದೆಂದು ಕೇಳುವುದಿಲ್ಲ. ಹಾಕಿದವರಿಗೆ ಒಂದು ಗೆಣಸು."

ಮರಿಯನ್ನು ಕಳೆದುಕೊಂಡ ಮೊಲವೂ ಬಂತು. ಮರಿಯ ಎದೆಯಿಂದ ಕಿತ್ತ ಮುರುಕು ಮುಳ್ಳಿನ ತುದಿಯನ್ನು ಅದು ಮುಂಗಾಲಿನಲ್ಲಿ ಅವುಚಿಕೊಂಡಿತ್ತು. ರಾಶಿಯಲ್ಲಿ ತುದಿ ಮುರಿದ ಮುಳ್ಳೊಂದು ಕಂಡಿತು. ಇಟ್ಟು ನೋಡಿದರೆ ಎರಡೂ ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿದವು.

"ಆನೆಯಣ್ಣ, ನನ್ನ ಮರಿಯನ್ನು ಕೊಂದ ಮುಳ್ಳು ಇದೇ. ಯಾವ ಮುಳ್ಳುಹಂದಿ ತಂದು ಹಾಕಿತು, ಹೇಳು."

"ನಾನು ನೋಡಿಲ್ಲ ತಾಯಿ. ನೋಡಬಾರದೆಂಬುದೇ ಇಲ್ಲಿನ ಕಟ್ಟಳೆ," ಎಂದು ಆನೆ ತಿರುಗದೆಯೇ ಹಿಂಗಾಲಿನಿಂದ ರಾಶಿಯನ್ನು ಬೆಂಕಿಗೆ ನೂಕಿತು.

"ಹಾಗಾದರೆ ಕೊಂದವನಿಗೆ ನೀನು ಗೆಣಸು ಕೊಟ್ಟು ಕಳಿಸಿದೆ. ಅವನ ಬೆನ್ನಲ್ಲಿ ಹೊಸ ಮುಳ್ಳು ಬೆಳೆಯುತ್ತದೆ. ನನ್ನ ಮರಿ ಎಲ್ಲಿಂದ ಬರಬೇಕು?"

ಸಿಟ್ಟಿನಿಂದ ನೆಲ ಒದ್ದ ಮೊಲದ ಮುಂಗಾಲಿನಿಂದ ಮುಳ್ಳಿನ ತುದಿ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದು ಕೇಳಿದ್ದೇ ತಡ, ಆನೆ ಸೊಂಡಿಲನ್ನು ಹಿಂದಕ್ಕೆ ಚಾಚಿ ಮೊಲದ ಮುಂದೆಯೂ ಒಂದು ಗೆಣಸು ಇಟ್ಟಿತು.

"ಬಹಳ ಸಂತೋಷ. ಮುಂದಿನವರು ಬನ್ನಿ."