ಇಪ್ಪತ್ತು ಬರೆದು ಐದು ಬರೆದಳು

ಒಂದೂರಿನ ಶಾಲೆಯಲ್ಲಿ ಕಮಲಾಕ್ಷಿ ಎಂಬ ಶಿಕ್ಷಕಿ ಇದ್ದರು. ಮಕ್ಕಳು ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಆದರೆ ಅವರಿಗೆ ಯಾವಾಗಲೂ ಪಾಠ ಮುಗಿಸುವ ಅವಸರ.

ಎರಡನೇ ತರಗತಿಗೆ ಬಿಡಿ, ಹತ್ತು, ನೂರು ಹೇಳಿಕೊಟ್ಟರು. ಮರುದಿನ ಉಕ್ತಲೇಖನ ಕೊಟ್ಟರು. "ಇಪ್ಪತ್ತೈದು" ಎಂದಾಗ ಹುಲಿಗೆಮ್ಮ ಎಂಬ ಹುಡುಗಿ ಸ್ಲೇಟಿನ ಮೇಲೆ 205 ಎಂದು ಬರೆದಳು.

ಅಕ್ಕೋರು ಅದನ್ನು ಅಳಿಸಿ, ಅಲ್ಲೇ 25 ಎಂದು ಬರೆದರು. "ಇದನ್ನೇ ಸ್ಲೇಟು ತುಂಬ ಬರಿ" ಎಂದು ಮುಂದಿನ ಮಗುವಿನ ಹತ್ತಿರ ಹೋದರು. ಹುಲಿಗೆಮ್ಮ ದುಂಡಗೆ ಬರೆದು ತೋರಿಸಿದಳು. ಒಂದೂ ತಪ್ಪಿರಲಿಲ್ಲ. ಅಕ್ಕೋರು "ಶಾಣ್ಯಾಕಿ" ಎಂದು ಮೆಚ್ಚಿದರು. ಮರುದಿನದಿಂದ ಕೂಡುವ ಲೆಕ್ಕ ಶುರುವಾಯಿತು.

ಹುಲಿಗೆಮ್ಮನಿಗೆ ತಂದೆ ಇರಲಿಲ್ಲ. ತಾಯಿ ಯಂಕಮ್ಮ ಕೂಲಿಗೆ ಹೋಗುತ್ತಿದ್ದಳು, ಮನೆಯ ಹಿಂದೆ ಕೋಳಿಮರಿ ಸಾಕಿದ್ದಳು. ಮರಿಗಳೆಂದರೆ ಹುಡುಗಿಗೆ ಪ್ರಾಣ. ಕೆಲವಕ್ಕೆ ಹೆಸರೂ ಇಟ್ಟಿದ್ದಳು.

ಒಂದು ಬೆಳಿಗ್ಗೆ ಮರಿಗಳು ರೆಕ್ಕೆ ಜೋಲಿಸಿ ಮಂಕಾಗಿ ಕೂತಿದ್ದವು. ಔಷಧ ಮನೆಯಲ್ಲೇ ಇತ್ತು. ಮರಿಗಳು ಕುಡಿಯುವ ಡ್ರಮ್ಮಿನ ನೀರಿಗೆ ಎಷ್ಟು ಹಾಕಬೇಕೋ ಗೊತ್ತಿರಲಿಲ್ಲ. ಯಂಕಮ್ಮ ಪಶುವೈದ್ಯರಿಗೆ ಫೋನ್ ಮಾಡಿದಳು. "ನೋಡಿ ಹೇಳ್ತೀನಿ" ಎಂದು ಅವರು ಇಟ್ಟುಬಿಟ್ಟರು. ಅವಳಿಗೆ ಕೂಲಿಗೆ ಹೊತ್ತಾಗಿತ್ತು.

"ಡಾಕ್ಟ್ರು ಫೋನ್ ಮಾಡತಾರ. ಎಷ್ಟಂತ ಗ್ವಾಡಿ ಮ್ಯಾಲ ಬರದಿಟ್ಟು ಸಾಲಿಗೆ ಹೋಗು. ನಾ ಮಧ್ಯಾಹ್ನ ಬಂದು ಹಾಕತೀನಿ" ಎಂದು ಫೋನನ್ನು ಮಗಳ ಕೈಗೆ ಕೊಟ್ಟು ಹೋದಳು.

ಫೋನ್ ಬಂತು. "ಇಪ್ಪತ್ತೈದು ಎಂ.ಎಲ್." ಎಂದರು ಡಾಕ್ಟರು. ಹುಡುಗಿ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದು ಶಾಲೆಗೆ ಹೋದಳು. ಬರೆದದ್ದು 205.

ಮಧ್ಯಾಹ್ನ ಯಂಕಮ್ಮ ಬಂದು ನೋಡಿದಳು. ಇಷ್ಟೊಂದಾ ಅನ್ನಿಸಿತು. ಆದರೆ ಡಾಕ್ಟರು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡಳು. ಅಳತೆಯ ಮುಚ್ಚಳ ಮತ್ತೆ ಮತ್ತೆ ತುಂಬಿ ನೀರಿಗೆ ಸುರಿದಳು. ಬಾಯಾರಿದ್ದ ಮರಿಗಳು ಮುಗಿಬಿದ್ದು ಕುಡಿದವು.

ಸಂಜೆ ಹುಲಿಗೆಮ್ಮ ಬರುವಷ್ಟರಲ್ಲಿ ಹಿತ್ತಲು ಸದ್ದಿಲ್ಲದೆ ಬಿದ್ದಿತ್ತು. ಒಂದು ಮರಿಯೂ ಉಳಿದಿರಲಿಲ್ಲ.

ಹುಡುಗಿ ಶಾಲೆ ಬಿಟ್ಟಳು. ಕೆಲವು ದಿನ ಕಾದು ಅಕ್ಕೋರೇ ಮನೆಗೆ ಬಂದರು. ಡಾಕ್ಟರು ಹೇಳಿದ್ದು ಇಪ್ಪತ್ತೈದೆಂದು ಆಮೇಲೆ ತಿಳಿದದ್ದೂ ಸೇರಿ ನಡೆದದ್ದನ್ನೆಲ್ಲ ಯಂಕಮ್ಮ ಹೇಳಿ, ಗೋಡೆ ತೋರಿಸಿದಳು. ಮಗಳು ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಅಕ್ಕೋರು ಪಕ್ಕದಲ್ಲಿ ಕೂತು ಕೇಳಿದರು:

"ಯಾಕವ್ವ ಹಂಗ ಬರದಿ?"

"ನಾ ತಪ್ಪು ಬರದಿಲ್ರಿ ಅಕ್ಕೋರ. ಡಾಕ್ಟ್ರು ಇಪ್ಪತ್ತೈದು ಅಂದ್ರು. ಮೊದ್ಲು ಇಪ್ಪತ್ತು ಬರದೆ. ಆಮ್ಯಾಲ ಐದು ಬರದೆ."

ಮಗು ತನಗೆ ಕೇಳಿಸಿದ ಹಾಗೆಯೇ ಬರೆದಿತ್ತು. ಅವತ್ತು ತರಗತಿಯಲ್ಲೂ ಹಾಗೆಯೇ ಬರೆದಿತ್ತು. ಈ ಒಂದು ಪ್ರಶ್ನೆಯನ್ನು ಅವತ್ತು ಅಕ್ಕೋರು ಕೇಳಿರಲಿಲ್ಲ.

ಒಲೆಯ ಪಕ್ಕದಲ್ಲಿದ್ದ ಕಡ್ಡಿಗಳಲ್ಲಿ ಇಪ್ಪತ್ತೈದನ್ನು ಎಣಿಸಿ ತಂದು ಹುಡುಗಿಯ ಮುಂದೆ ಸುರಿದರು. ಹತ್ತು ಹತ್ತು ಎಣಿಸಿ ಕಟ್ಟಲು ಹೇಳಿದರು. ಎರಡು ಕಟ್ಟಾಯಿತು, ಐದು ಕಡ್ಡಿ ಉಳಿದವು.

"ಕಟ್ಟೆಷ್ಟು?"

"ಎರಡು."

"ಬಿಡಿ?"

"ಐದು."

ನೆಲದ ಮೇಲೆ ಕಟ್ಟುಗಳ ಕೆಳಗೆ 2, ಬಿಡಿ ಕಡ್ಡಿಗಳ ಕೆಳಗೆ 5 ಬರೆದರು. ಹುಡುಗಿ ಬಹಳ ಹೊತ್ತು ನೋಡಿದಳು.

"ಹಂಗಾದ್ರ ಇಪ್ಪತ್ತರಾಗ ಸೊನ್ನಿ ಕುಂತ ಜಾಗದಾಗ ಐದು ಕುಂದರತೈತೇನ್ರಿ?"

"ಹೌದವ್ವ."

ಅವಳಿಗೆ ತಿಳಿಯಿತು. ತಿಳಿದೊಡನೆ, ತಾನು ಗೋಡೆಯ ಮೇಲೆ ಬರೆದದ್ದು ಏನೆಂಬುದೂ ತಿಳಿಯಿತು. ಅಲ್ಲಿಯವರೆಗೆ ಅಳದಿದ್ದ ಮಗು ಬಿಕ್ಕಿಬಿಕ್ಕಿ ಅಳತೊಡಗಿತು.

ಯಂಕಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

"ಇದನ್ನ ತಿಳಿಸಿ ಹೇಳಾಕ ಇಷ್ಟ ಹೊತ್ತು ಸಾಕಾಗಿತ್ತೇನ್ರಿ ಅಕ್ಕೋರ?"

ಕಾಲು ಗಂಟೆಯೂ ಆಗಿರಲಿಲ್ಲ.

ನೀತಿ: ಮಗುವಿನ ತಪ್ಪು ಉತ್ತರದ ಹಿಂದೆಯೂ ಒಂದು ಯೋಚನೆ ಇರುತ್ತದೆ. ಉತ್ತರವನ್ನು ತಿದ್ದಿದರೆ ಸಾಲದು, ಆ ಯೋಚನೆ ಏನೆಂದು ಕೇಳಬೇಕು. ಕೇಳದೆ ಉಳಿಸಿದ ಸಮಯ ಯಾರಿಗೂ ದಕ್ಕುವುದಿಲ್ಲ.