ಹೊರೆ ಮೇಲೆ ಕೂತವಳು

ಒಂದಾನೊಂದು ಊರು. ಯಾವ ಊರು ಅಂತ ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಹೂಂಗುಟ್ಟುತ್ತಾ ಕೇಳಿ, ನಿದ್ದೆ ಹೋದವರಿಗೆ ನಾನು ಮತ್ತೆ ಹೇಳೋಳಲ್ಲ.

ಆ ಊರಲ್ಲಿ ಒಂದು ಕೆಟ್ಟ ರೂಢಿ ಇತ್ತಂತೆ. ಕಾಡಲ್ಲಿ ಸೌದೆ ಹೊರೆ ತಲೆಗೇರಿಸಿದರೆ ಮನೆ ಬಾಗಿಲಲ್ಲೇ ಇಳಿಸಬೇಕು. ನಡುದಾರೀಲಿ ಇಳಿಸಿದರೆ, ಗಂಡಸಿಗೆ ಬಳೆ ತೊಡಿಸಿ ನಗೋರು, ಹೆಂಗಸನ್ನ ಏಳು ದಿನ ಬಾವಿಗೆ ಸೇರಿಸ್ತಿರಲಿಲ್ಲ. ಎಂಥ ಜನವೋ! ಕತ್ತು ಮುರಿದರೂ ಸರಿ, ಮರ್ಯಾದೆ ಉಳೀಬೇಕು.

ಹೀಗಿರೋವಾಗ ಆ ಕಾಡಿಗೆ ಅದೇನೋ ಸೇರಿಕೊಂಡಿತಂತೆ. ಮೊದಲು ಹೋದವನು ಬೋಳೇಗೌಡ. ಜೋಡೆತ್ತು ಎಳೆಯೋದನ್ನ ಒಬ್ಬನೇ ಎಳೆಯೋ ಆಳು. ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಹುಡುಕಿದರೆ, ದಾರಿ ಮಧ್ಯೆ ನಿಂತೇ ಇದ್ದನಂತೆ. ತಲೆ ಮೇಲೆ ಹೊರೆ, ಕಣ್ಣು ತೆರೆದೇ ಇದೆ, ಕತ್ತು ಮಾತ್ರ ಭುಜದೊಳಗೆ ಇಳಿದುಹೋಗಿದೆ. ಮುಟ್ಟಿದರೆ ಮೈ ತಣ್ಣಗೆ! ಆಮೇಲೆ ಇನ್ನೂ ಇಬ್ಬರು ಹಂಗೇ ಸತ್ತರು. ಕಾಡಿನ ಕಡೆ ಯಾರೂ ತಲೆ ಹಾಕಲಿಲ್ಲ.

ಅದೇ ಊರಲ್ಲಿ ದೇವೀರಮ್ಮ ಅಂತ ಒಬ್ಬ ಬಡವಿ. ಗಂಡ ಇಲ್ಲ. ಮಗಳು ಚಿಕ್ಕತಾಯಿ ಹೆರಿಗೆಗೆ ಬಂದು, ಹೆತ್ತು ಮೂರು ದಿನವಾಗಿತ್ತು. ಕೊರೆಯೋ ಗಾಳಿ. ಬಾಣಂತಿ ಗಡಗಡ ನಡುಗ್ತಿದ್ದಳು, ಕೂಸು ನೀಲಿಗಟ್ಟಿತ್ತು. ನೀರು ಕಾಯಿಸೋಣ ಅಂದರೆ ಮನೇಲಿ ಒಂದು ಚಕ್ಕೆ ಸೌದೆ ಇಲ್ಲ, ನೆರೆಹೊರೆಯಲ್ಲೂ ಇಲ್ಲ.

"ಬೇಡ ಕಣವ್ವ, ಆ ಕಾಡಿಗೆ ಹೋಗಬೇಡ," ಅಂತ ಮಗಳು ಅತ್ತಳು.

"ಸುಮ್ನೆ ಮಲಗು ಮಗಾ. ಕಾಯೋಕೆ ಮಾದಪ್ಪ ದೇವರು ಅವನೆ," ಅಂತ ದೇವೀರಮ್ಮ ಹೊರಟಳು.

ಹಾಡುಹಗಲು. ಆದರೂ ಕಾಡಲ್ಲಿ ಒಂದು ಹಕ್ಕಿ ಕೂಗಲಿಲ್ಲ, ಒಂದು ಎಲೆ ಅಲುಗಲಿಲ್ಲ. ಸೌದೆ ಆಯ್ದು ಕಟ್ಟಿದಳು. ಹೊರೆ ತಲೆಗೆತ್ತೋಕೆ ಇನ್ನೊಬ್ಬರ ಕೈ ಬೇಕಲ್ಲ? "ಯಾರಾದ್ರೂ ಒಂದು ಕೈ ಕೊಡ್ರಪ್ಪಾ," ಅಂತ ಕೂಗಿದಳು. ಮರದ ಹಿಂದಿಂದ ಮುಸುಕು ಹಾಕಿದ ಹೆಂಗಸೊಬ್ಬಳು ಬಂದು, ಮಾತಿಲ್ಲದೆ ಹೊರೆ ಎತ್ತಿಟ್ಟಳು. ತಿರುಗಿ ನೋಡಿದರೆ ಯಾರೂ ಇಲ್ಲ.

ಹತ್ತು ಹೆಜ್ಜೆ ನಡೆದಳು. ತಲೆ ಮೇಲಿಂದ ದನಿ ಬಂತು: "ಭಾರವೇನಕ್ಕಾ?"

ಮುಂದೆ ಬಿದ್ದ ನೆರಳು ನೋಡಿದರೆ, ಹೊರೆ ಮೇಲೆ ಒಬ್ಬಳು ಕಾಲು ಇಳಿಬಿಟ್ಟು ಕೂತಿದ್ದಾಳೆ! ತಣ್ಣನೆ ಹಿಮ್ಮಡಿ ಕಿವಿಗೆ ತಾಗಿತಂತೆ. ಅಯ್ಯಯ್ಯೋ! ಆದರೂ ಊರಿನ ರೂಢಿ ರಕ್ತದಲ್ಲೇ ಇತ್ತಲ್ಲ, "ಇಲ್ಲ," ಅಂದುಬಿಟ್ಟಳು. ಹೊರೆ ಎರಡರಷ್ಟು ಭಾರವಾಯಿತು.

ಇನ್ನೂ ಹತ್ತು ಹೆಜ್ಜೆ. "ಭಾರವೇನಕ್ಕಾ?"

"ಇಲ್ಲ." ನಾಲ್ಕರಷ್ಟಾಯಿತು. ಕತ್ತು ಲಟಲಟ ಅಂತು, ಕಣ್ಣು ಕತ್ತಲಿಟ್ಟಿತು.

ಮತ್ತೆ ಹತ್ತು ಹೆಜ್ಜೆ. "ಭಾರವೇನಕ್ಕಾ?"

ದೇವೀರಮ್ಮನ ಕಣ್ಮುಂದೆ ಕೂಸಿನ ಮುಖ ಬಂತು. ನಾನು ಇಲ್ಲೇ ನಿಂತು ಸತ್ತರೆ, ಮರ್ಯಾದೆ ತಗೊಂಡು ಒಲೆ ಹಚ್ಚೋಕಾಗುತ್ತಾ ಅಂದುಕೊಂಡಳು. "ಹೂಂ ಕಣವ್ವ, ಭಾರ! ನನ್ನ ಕೈಲಾಗಲ್ಲ," ಅಂತ ಗೊಳೋ ಅಂತ ಅತ್ತಳು. "ಮಾದಪ್ಪಾ, ನಾನು ಸೋತೆ. ನನ್ನ ಶಕ್ತಿ ಇಷ್ಟೇ. ಇನ್ನು ನೀನುಂಟು, ಆ ಕೂಸುಂಟು." ಮಂಡಿಯೂರಿ, ಹೊರೆ ನೆಲಕ್ಕಿಳಿಸಿ, ಹಣೆಯನ್ನ ಮಣ್ಣಿಗೆ ಹಚ್ಚಿದಳು.

ಕಾಡೇ ಉಸಿರು ಬಿಟ್ಟಂಗಾಯಿತಂತೆ. ತಲೆ ಎತ್ತಿದರೆ ಎದುರಿಗೆ ಅದೇ ಹೆಂಗಸು. ಮುಸುಕು ಜಾರಿತ್ತು. ಅವಳ ಕತ್ತೂ ಭುಜದೊಳಗೆ ಇಳಿದಿತ್ತು!

"ಬಸುರೀಲಿ ಹೊರೆ ಹೊತ್ತು ಇದೇ ದಾರೀಲಿ ಸತ್ತೆ ಕಣಕ್ಕಾ," ಅಂದಳು. "ಜನ ನಗ್ತಾರೆ ಅಂತ ಇಳಿಸಲಿಲ್ಲ. ಆವತ್ತಿಂದ ಕೇಳ್ತಾನೇ ಇದ್ದೀನಿ, ಭಾರ ಅಂತ ಒಬ್ಬರೂ ಅನ್ನಲಿಲ್ಲ. ಇವತ್ತು ನೀನಿಳಿಸಿದೆ, ನಾನೂ ಇಳಿದೆ." ಅಷ್ಟಂದು ಬಿಸಿಲಲ್ಲಿ ಕರಗಿಹೋದಳು.

ಹೊರೆ ಈಗ ಬರೀ ಸೌದೆ. ದೇವೀರಮ್ಮ ಅದನ್ನ ಮೂರು ಪಾಲು ಮಾಡಿ, ಇಳಿಸಿ ಇಳಿಸಿ ಹೊತ್ತಳು. ನೋಡಿದ ಜನ ನಕ್ಕರು. "ನಗ್ರಪ್ಪಾ, ನಗ್ರಿ," ಅಂತ ಒಳಗೆ ಹೋಗಿ ಒಲೆ ಹಚ್ಚಿದಳು. ಹಂಡೆ ಕಾಯಿತು. ಮಗಳ ನಡುಕ ನಿಂತಿತು, ಕೂಸು ಕೆಂಪಗಾಗಿ ಕೇರಿಗೆಲ್ಲ ಕೇಳೋ ಹಾಗೆ ಕಿರುಚಿತು.

ನಡೆದದ್ದು ಊರಿಗೆಲ್ಲ ಗೊತ್ತಾದಾಗ ನಗೋ ಬಾಯಿಗಳು ಮುಚ್ಚಿದವು. ಬೋಳೇಗೌಡನ ಹೆಂಡತಿ ಓಡಿಬಂದು ದೇವೀರಮ್ಮನನ್ನ ತಬ್ಬಿಕೊಂಡು ಅತ್ತಳಂತೆ. "ನಮ್ಮೋರಿಗೂ ಇಳಿಸು ಅಂತ ಯಾರಾದ್ರೂ ಹೇಳಬಾರದಿತ್ತೇನಕ್ಕಾ?" ಅಂದಳು. ಮಾರನೇ ದಿನ ಊರೋರೆಲ್ಲ ಸೇರಿ, ಅದೇ ಜಾಗದಲ್ಲಿ ಹೊರೆ ಇಳಿಸೋಕೆ ಒಂದು ಕಲ್ಲು ನೆಟ್ಟರಂತೆ.

ಅವರ ಹೊರೆ ಅಲ್ಲಿ ಇಳೀತು, ನನ್ನ ಕಥೆ ಇಲ್ಲಿ ಇಳೀತು. ಏಳಿ, ಎಲ್ಲರಿಗೂ ಮಾದಪ್ಪ ಒಳ್ಳೇದು ಮಾಡಲಿ.